ಇಲಿಯ ಹಾಲಿನಲ್ಲಿದ್ದ ಸ್ವಿಚ್ಚು

1988ರ ಏಪ್ರಿಲ್ 12ರಂದು ಅಮೆರಿಕದ ಪೇಟೆಂಟ್ ಕಚೇರಿ ಒಂದು ಇಲಿಗೆ ಪೇಟೆಂಟ್ ಕೊಟ್ಟಿತು! ಹಾರ್ವರ್ಡ್‌ನ ಫಿಲಿಪ್ ಲೆಡರ್ ಮತ್ತು ತಿಮೊಥಿ ಸ್ಟೀವರ್ಟ್ ರೂಪಿಸಿದ ಈ 'ಆಂಕೋಮೌಸ್' ಬಗ್ಗೆ ಎಲ್ಲಿ ಓದಿದರೂ ಸಿಗೋದು ಪೇಟೆಂಟ್ ಜಗಳವೇ. ಪ್ರಾಣಿಯೊಂದು ಯಾರದೋ ಸೊತ್ತಾಗಬಹುದಾ ಅನ್ನೋದು ದೊಡ್ಡ ಪ್ರಶ್ನೆಯೇ ಸರಿ (ಕೆನಡಾದ ಸುಪ್ರೀಂ ಕೋರ್ಟು 2002ರಲ್ಲಿ 5-4ರ ಬಹುಮತದಿಂದ ಪೇಟೆಂಟ್ ಕೊಡಲಾಗದು ಅಂದಿತು). ಆದರೆ ಆ ಗಲಾಟೆಯಲ್ಲಿ ಇಲಿ ಹೇಳಿದ್ದೇನು ಅನ್ನೋದೇ ಮರೆತುಹೋಯಿತೇನೋ ಅನ್ನಿಸುತ್ತೆ ನನಗೆ.

ಕಥೆ ಶುರುವಾಗೋದು ಇನ್ನೂ ಹಿಂದೆ, ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ. ಕೆಲವು ತಳಿಯ ಹೆಣ್ಣಿಲಿಗಳಿಗೆ ತಲೆತಲಾಂತರದಿಂದ ಸ್ತನ ಕ್ಯಾನ್ಸರ್ ಬರುತ್ತಿತ್ತು. ವಂಶದಲ್ಲೇ ಇದೆ ಬಿಡಿ ಅಂತ ಯಾರಾದರೂ ಕೈತೊಳೆದುಕೊಳ್ಳಬಹುದಿತ್ತು. ಜಾನ್ ಬಿಟ್ನರ್ ಆ ಮರಿಗಳನ್ನು ಹುಟ್ಟಿದ ಕೂಡಲೇ ಎತ್ತಿ, ಕ್ಯಾನ್ಸರ್ ಕಡಿಮೆಯಿದ್ದ ತಳಿಯ ಸಾಕುತಾಯಿಯ ಮಡಿಲಿಗೆ ಹಾಕಿದರು. ರೋಗ ಗಣನೀಯವಾಗಿ ತಗ್ಗಿತು! ಇದು 1936ರಲ್ಲಿ ಪ್ರಕಟವಾಯಿತು. ಹಾಲಿನಲ್ಲಿದ್ದದ್ದು ವೈರಸ್ ಅಂತ ಆಮೇಲೆ ತಿಳಿಯಿತು. (ತಾಯಂದಿರು ಗಾಬರಿಯಾಗಬೇಡಿ, ಅದು ಇಲಿಗಳ ವೈರಸ್. ಮನುಷ್ಯರಲ್ಲಿ ಎದೆಹಾಲು ಕುಡಿಸಿದ ತಾಯಿಗೆ ಈ ಕ್ಯಾನ್ಸರ್‌ನ ಅಪಾಯ ಕಡಿಮೆಯೇ ಆಗುತ್ತೆ.)

ಲೆಡರ್ ತಂಡ ಎತ್ತಿಕೊಂಡದ್ದು ಇದೇ ವೈರಸ್‌ನ ಒಂದು ತುಣುಕನ್ನು. ಅದಕ್ಕೆ 'ಪ್ರಮೋಟರ್' ಅಂತಾರೆ. ಹಾರ್ಮೋನುಗಳು ಏರಿದಾಗ, ಮುಖ್ಯವಾಗಿ ಸ್ತನಗ್ರಂಥಿಯಲ್ಲಿ, ಜೀನ್ ಒಂದನ್ನು ಆನ್ ಮಾಡುವ ಸ್ವಿಚ್ಚು ಅದು. ನಮ್ಮ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು 'ಇಫ್' ಕಂಡಿಷನ್! ಇದನ್ನು ಜೀವಕೋಶಗಳನ್ನು ಬೆಳೆಸುವ 'ಮಿಕ್' ಅನ್ನೋ ಜೀನ್‌ಗೆ ಅಂಟಿಸಿ, ಇಲಿಯ ಫಲಿತ ಅಂಡದೊಳಗೆ ಚುಚ್ಚಿದರು. ಹಾಗೆ ಹುಟ್ಟಿದ ಕೆಲವು ಹೆಣ್ಣಿಲಿಗಳಲ್ಲಿ ಬಸಿರಿನ ಹೊತ್ತಿಗೆ ಗಂಟು ಕಾಣಿಸಿತು. 1984ರಲ್ಲಿ ಫಲಿತಾಂಶ ಪ್ರಕಟವಾಯಿತು.

ನನಗೆ ಬೆರಗು ಹುಟ್ಟಿಸಿದ್ದು ಮುಂದಿನದು. ಹೆಣ್ಣಿಲಿಗೆ ಹತ್ತು ಸ್ತನಗ್ರಂಥಿ. ಎಲ್ಲದರಲ್ಲೂ ಅದೇ ಜೀನ್, ಅದೇ ಸ್ವಿಚ್ಚು. ಗಂಟು ಮಾತ್ರ ಎಲ್ಲೋ ಒಂದೆರಡು ಕಡೆ, ಅದೂ ತಿಂಗಳುಗಟ್ಟಲೆ ಕಾದ ಮೇಲೆ. ಅಂದರೆ ಆ ಜೀನ್ ದಾರಿ ಮಾಡಿಕೊಡುತ್ತೆ, ಆದರೆ ಅದೊಂದೇ ಸಾಲದು. ಮನೆತನದಲ್ಲಿ ಜೀನ್ ದೋಷ ಇದೆ ಅಂದ ಕೂಡಲೇ ಹೆಣ್ಣುಮಕ್ಕಳ ಹಣೆಬರಹ ಬರೆದಾಯ್ತು ಅನ್ನೋರಿಗೆ ಈ ಇಲಿಯನ್ನು ತೋರಿಸಬೇಕು. ಅಪಾಯ ಹೆಚ್ಚೋದು ನಿಜ, ತಪಾಸಣೆ ಬೇಕೇ ಬೇಕು. ಆದರೆ ಅದು ತೀರ್ಪಲ್ಲ.

ಹಾಗಾದರೆ ಎರಡನೇ ಜೀನ್ ಸೇರಿಸಿದರೆ? ಅದನ್ನೂ ನೋಡಿದರು, 1987ರಲ್ಲಿ. ಮಿಕ್ ಒಂದೇ ಇದ್ದಾಗ ಅರ್ಧದಷ್ಟು ಹೆಣ್ಣಿಲಿಗಳಿಗೆ ಗಂಟು ಬರಲು ಸುಮಾರು 325 ದಿನ ಬೇಕಾಗಿತ್ತು. 'ರಾಸ್' ಅನ್ನೋ ಇನ್ನೊಂದು ಜೀನ್ ಒಂದೇ ಇದ್ದಾಗ 168. ಎರಡೂ ಇರುವ ಇಲಿಗಳಲ್ಲಿ ಬರೀ 46! ಅಷ್ಟಾದರೂ ಇಡೀ ಗ್ರಂಥಿ ಒಮ್ಮೆಗೇ ಕ್ಯಾನ್ಸರ್ ಆಗಲಿಲ್ಲ. ಅಲ್ಲೊಂದು ಇಲ್ಲೊಂದು ಗಂಟು, ಅಷ್ಟೇ. ಇನ್ನೂ ಏನೋ ಒಂದು ಕೆಡಬೇಕಿತ್ತು.