ಮೈನ್‌ಫ್ರೇಮ್ ಕಂಪೈಲರುಗಳ ವೇಗವಿಕಲ್ಪಗಳು: ಒಂದು ಚಾರಿತ್ರಿಕ ವಿವೇಚನೆ

1957ರಲ್ಲಿ ಐಬಿಎಂ 704 ಯಂತ್ರಕ್ಕಾಗಿ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಹೊರತಂದ ಫೋರ್ಟ್ರಾನ್ ಕಂಪೈಲರು, ಕೈಯಿಂದ ಬರೆದ ಯಂತ್ರಸಂಕೇತದ ವೇಗಕ್ಕೆ ಸರಿದೊರೆಯಾಗದಿದ್ದರೆ ತನ್ನನ್ನು ಯಾರೂ ಬಳಸಲಾರರೆಂಬ ಆತಂಕದ ನಡುವೆಯೇ ಜನ್ಮ ತಾಳಿತು. ಅದರಲ್ಲಿದ್ದ ಫ್ರೀಕ್ವೆನ್ಸಿ ಎಂಬ ಹೇಳಿಕೆ ಆ ಆತಂಕದ ಒಂದು ಫಲ. ಕವಲೊಡೆಯುವ ಸ್ಥಳದಲ್ಲಿ ಪ್ರೋಗ್ರಾಮು ಯಾವ ದಾರಿಯನ್ನು ಎಷ್ಟು ಪ್ರಮಾಣದಲ್ಲಿ ಹಿಡಿದೀತೆಂಬುದನ್ನು ಬರೆದವನೇ ತಿಳಿಸಬಹುದಾಗಿತ್ತು. ಕಂಪೈಲರು ಮಾಂಟೆ ಕಾರ್ಲೊ ವಿಧಾನದಿಂದ ಆ ಸಂಚಾರವನ್ನು ಅನುಕರಿಸಿ ನೋಡಿ, ಯಂತ್ರದಲ್ಲಿದ್ದ ಮೂರೇ ಮೂರು ಇಂಡೆಕ್ಸ್ ರಿಜಿಸ್ಟರುಗಳ ವಿನಿಯೋಗವನ್ನು ತದನುಗುಣವಾಗಿ ನಿರ್ಧರಿಸುತ್ತಿತ್ತು. 1966ರ ಪ್ರಮಾಣೀಕೃತ ಫೋರ್ಟ್ರಾನಿನಲ್ಲಿ ಈ ಹೇಳಿಕೆಗೆ ಸ್ಥಾನ ದೊರೆಯಲಿಲ್ಲ. ಆದರೆ ಬರೆದವನು ವಚನ ಕೊಡುವುದು, ಕಂಪೈಲರು ಅದನ್ನು ನಂಬಿ ತನ್ನ ಶ್ರಮವನ್ನು ಉಳಿಸಿಕೊಳ್ಳುವುದು ಎಂಬ ಒಪ್ಪಂದವೇ ಮುಂದಿನ ಬಹುಪಾಲು ವೇಗವಿಕಲ್ಪಗಳ ತಳಹದಿಯಾಯಿತೆಂದು ನನ್ನ ಅಭಿಪ್ರಾಯ.

1964ರಲ್ಲಿ ಪ್ರಕಟವಾದ ಐಬಿಎಂ ಸಿಸ್ಟಮ್/360 ಯಂತ್ರಕುಲದ ಕಾಲಕ್ಕೆ ವಿಕಲ್ಪಗಳು ಪ್ರೋಗ್ರಾಮಿನ ಒಡಲನ್ನು ಬಿಟ್ಟು, ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಭಾಷೆಯಾದ ಜೆಸಿಎಲ್‌ನ ಪಾರ್ಮ್ ಎಂಬ ನೂರು ಅಕ್ಷರಗಳ ಕಿರಿದಾದ ಅಂಕಣಕ್ಕೆ ಬಂದು ಸೇರಿದವು. ಅಲ್ಲಿ ಆಪ್ಟ್=2 ಎಂದು ಬರೆದರೆ, 256ಕೆ ಸ್ಮೃತಿಯ ಯಂತ್ರಗಳನ್ನು ಉದ್ದೇಶಿಸಿ ರಚಿತವಾದ ಫೋರ್ಟ್ರಾನ್ ಎಚ್ ಕಂಪೈಲರು ಲೂಪಿನೊಳಗೆ ಬದಲಾಗದ ಲೆಕ್ಕವನ್ನು ಹೊರಗೆ ಸಾಗಿಸಿ, ಪುನರುಕ್ತವಾದ ಪದೋಕ್ತಿಗಳನ್ನು ಒಮ್ಮೆ ಮಾತ್ರ ಗಣಿಸುತ್ತಿತ್ತು.

ಅದೇ ಕುಲದ ಮಾಡೆಲ್ 44ರಲ್ಲಿ ಈ ಬಗೆಯ ವಿಕಲ್ಪ ಯಂತ್ರದ ಮುಖಫಲಕಕ್ಕೇ ಏರಿತ್ತು: ತಿರುಗಣೆಯೊಂದನ್ನು ತಿರುಗಿಸಿ ದೀರ್ಘ ಫ್ಲೋಟಿಂಗ್ ಪಾಯಿಂಟ್ ಗಣಿತದ ನಿಖರತೆಯನ್ನು ತಗ್ಗಿಸಿದರೆ ಲೆಕ್ಕ ಬೇಗ ಮುಗಿಯುತ್ತಿತ್ತು. 1970ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ಕೇಂದ್ರದಲ್ಲಿದ್ದುದೂ ಈ ಮಾಡೆಲ್ಲೇ ಎಂಬುದು ಕನ್ನಡಿಗರಿಗೆ ಸ್ವಾರಸ್ಯಕರವಾದೀತು.

ಒಪ್ಪಂದದ ಸೂಕ್ಷ್ಮವೆಲ್ಲ ನಿಚ್ಚಳವಾಗಿ ಕಾಣುವುದು ಕೋಬಾಲಿನ ಟ್ರಂಕ್ ಎಂಬ ವಿಕಲ್ಪದಲ್ಲಿ. ನಾಲ್ಕು ಅಂಕಿಗಳ ಬೈನರಿ ಕ್ಷೇತ್ರವೆಂದು ಘೋಷಿತವಾದುದಕ್ಕೆ ಎರಡು ಬೈಟುಗಳು ದೊರೆಯುತ್ತವೆ. ಅವುಗಳಲ್ಲಿ 32,767ರವರೆಗಿನ ಸಂಖ್ಯೆ ಹಿಡಿಸುತ್ತದೆ. ಅದಕ್ಕೆ 12,345ನ್ನು ಸಾಗಿಸಿದಾಗ, ಎಸ್‌ಟಿಡಿ ಎಂದಿದ್ದರೆ ಘೋಷಣೆಯನ್ನು ಅಕ್ಷರಶಃ ಪಾಲಿಸಿ 2,345 ಮಾತ್ರ ಉಳಿಯುತ್ತದೆ, ಆ ಛೇದನಕ್ಕಾಗಿ ಯಂತ್ರವು ಹೆಚ್ಚಿನ ಆದೇಶಗಳನ್ನು ನಡೆಸಬೇಕಾಗುತ್ತದೆ. ಬಿನ್ ಎಂದಿದ್ದರೆ ಪೂರ್ಣ ಸಂಖ್ಯೆ ಉಳಿಯುತ್ತದೆ, ಆದರೆ ಮುಂದಿನ ಗಣಿತವೆಲ್ಲ ವಿಶಾಲವಾದ ಮಿತಿಗಳನ್ನು ಲಕ್ಷಿಸಿ ನಡೆಯಬೇಕಾದ್ದರಿಂದ ಬಹುಧಾ ನಿಧಾನವಾಗುತ್ತದೆ. ಮೂರನೆಯದಾದ ಆಪ್ಟ್ ಇವೆರಡರಲ್ಲಿ ಆಯಾ ಸಂದರ್ಭಕ್ಕೆ ಅಗ್ಗವಾದುದನ್ನು ತಾನೇ ಆರಿಸಿಕೊಳ್ಳುತ್ತದೆ. ಏಕೆಂದರೆ ಘೋಷಣೆಯನ್ನು ಮೀರಿದ ಸಂಖ್ಯೆ ಬಾರದೆಂದು ಬರೆದವನು ಮಾತು ಕೊಟ್ಟಿದ್ದಾನೆಂಬುದು ಅದರ ಗ್ರಹಿಕೆ. ಮಾತು ತಪ್ಪಿದಾಗ ದೋಷಸೂಚನೆಯೇನೂ ಬರುವುದಿಲ್ಲ. ಉತ್ತರ ಮಾತ್ರ ಬೇರೆಯಾದೀತು. ಪ್ಯಾಕ್ಡ್ ದಶಮಾಂಶದ ಚಿಹ್ನೆಗಳ ಬಗ್ಗೆ ನಮ್‌ಪ್ರಾಕ್ ಎಂಬ ಇನ್ನೊಂದು ವಿಕಲ್ಪ ಕೇಳುವುದೂ ಇಂತಹ ಭರವಸೆಯನ್ನೇ.

ಓಡುವ ಹೊತ್ತಿನ ವಿಕಲ್ಪಗಳ ಕಥೆ ಇದಕ್ಕಿಂತ ಸರಳ. 1990ರ ದಶಕದಲ್ಲಿ ಕೋಬಾಲ್, ಪಿಎಲ್/1 ಮೊದಲಾದವುಗಳಿಗೆಲ್ಲ ಸಮಾನ ನೆಲೆಯಾದ ಲ್ಯಾಂಗ್ವೇಜ್ ಎನ್ವಿರಾನ್‌ಮೆಂಟಿನಲ್ಲಿ ಹೀಪ್, ಸ್ಟ್ಯಾಕ್ ಎಂಬ ಸ್ಮೃತಿಭಾಗಗಳ ಆರಂಭಿಕ ಗಾತ್ರ ಅತಿ ಕಿರಿದಾದರೆ ಪ್ರೋಗ್ರಾಮು ಮತ್ತೆಮತ್ತೆ ಸ್ಮೃತಿಗಾಗಿ ಕಾರ್ಯವ್ಯವಸ್ಥೆಯ ಮುಂದೆ ಕೈಯೊಡ್ಡಬೇಕಾಗುತ್ತದೆ. ಯೋಗ್ಯ ಗಾತ್ರವನ್ನು ಆರ್‌ಪಿಟಿಎಸ್‌ಟಿಜಿ ಎಂಬ ವಿಕಲ್ಪದ ವರದಿ ತಿಳಿಸುತ್ತದೆ; ಆದರೆ ವರದಿಯ ಸಿದ್ಧತೆಯೇ ವೇಗವನ್ನು ಕುಗ್ಗಿಸುವುದರಿಂದ, ನಿತ್ಯದ ಬ್ಯಾಚಿನಲ್ಲಿ ಅದನ್ನು ನಿಲ್ಲಿಸಿಡುವುದೇ ರೂಢಿ.

2013ರಲ್ಲಿ ಎಂಟರ್‌ಪ್ರೈಸ್ ಕೋಬಾಲ್ 5 ಹೊಸ ಆಪ್ಟಿಮೈಜರಿನೊಡನೆ ಬಂದಾಗ ಹಳೆಯ ವಚನಗಳ ಪರೀಕ್ಷೆ ನಡೆಯಿತು. ಆರ್ಚ್ ಎಂಬ ವಿಕಲ್ಪದಲ್ಲಿ ಯಂತ್ರದ ಪೀಳಿಗೆಯನ್ನು ಹೇಳಿ ಅದರ ಹೊಸ ಆದೇಶಗಳನ್ನು ಬಳಸಿಕೊಳ್ಳುವುದು ಲಾಭದಾಯಕವೇ. ಆದರೆ ಘೋಷಣೆಗೆ ಒಪ್ಪದ ದತ್ತಾಂಶವನ್ನು ಹಳೆಯ ಕಂಪೈಲರುಗಳಲ್ಲಿ ಹೇಗೋ ನಿಭಾಯಿಸಿಕೊಂಡು ಬಂದಿದ್ದ ಪ್ರೋಗ್ರಾಮುಗಳು ಹೊಸದರಲ್ಲಿ ಬೇರೆ ಉತ್ತರ ಕೊಡಬಹುದಾಗಿತ್ತು. ದೋಷವನ್ನು ಹೊಸ ಕಂಪೈಲರಿನ ಮೇಲೆ ಹೊರಿಸುವುದು ನ್ಯಾಯವಲ್ಲ. ದತ್ತಾಂಶವನ್ನು ಶೋಧಿಸದೆ ವೇಗವನ್ನು ಬೇಡಿದವರದೇ ಅದರ ಹೊಣೆ. ಶೋಧನೆಗೆ ನೆರವಾಗುವ ನಮ್‌ಚೆಕ್ ವಿಕಲ್ಪ ಸೇರಿದ್ದು ಆವೃತ್ತಿ 6.2ರಲ್ಲಿ, 2017ರಲ್ಲಿ.