ಐನೂರು ರೂಪಾಯಿ ಕಡಿಮೆ

ನಮ್ಮ ಗದಗದ ಮಗ್ಗುಲಲ್ಲೇ ಕಣಗಿನಹಾಳವಿದೆ. ಸಹಕಾರ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಂಘ ಕಟ್ಟಿದರು. ದೇಶಕ್ಕೇ ಮೊದಲನೆಯದು ಎಂದು ನಮ್ಮ ಕಡೆಯವರು ಎದೆಯುಬ್ಬಿಸಿ ಹೇಳುತ್ತಾರೆ, ನಾನೂ ಹೇಳುತ್ತೇನೆ. ಸಾಹುಕಾರನ ಕಟ್ಟೆ ಹತ್ತದೆ ರೈತನಿಗೆ ಸಾಲ ಸಿಗಲಿ ಎಂಬುದು ಅದರ ಹುರುಳು. ಆದರೆ ಇಂಥ ಚರಿತ್ರೆಯಲ್ಲಿ ಸಾಲ ಕೊಟ್ಟವರು, ತೆಗೆದುಕೊಂಡವರು ಇರುತ್ತಾರೆ. ಕೌಂಟರಿನ ಒಳಗೆ ಕೂತು ಲೆಕ್ಕ ಬರೆದವರು ಇರುವುದಿಲ್ಲ. ಅದರಲ್ಲೂ ಸೀರೆ ಉಟ್ಟು ಕೂತವರು.

1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಹೆಂಗಸರೇ ನಡೆಸುವ ಶಾಖೆಯೊಂದು ತೆರೆಯಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಬ್ಯಾಂಕಿನ ಶಾಖೆ ಅದು. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ತಾಲೂಕು ಊರುಗಳಲ್ಲೂ ಹೊಸ ಬೋರ್ಡುಗಳು ಎದ್ದವು. ಪರೀಕ್ಷೆ ಬರೆದರೆ ಕೆಲಸ, ಗಂಡಸಿಗೂ ಹೆಂಗಸಿಗೂ ಒಂದೇ ಸಂಬಳ. ನಾನು ಬರೆದೆ. 1979ರಲ್ಲಿ ಗದಗದ ಒಂದು ಶಾಖೆಗೆ ಗುಮಾಸ್ತೆಯಾಗಿ ಸೇರಿದೆ. ಗದಗ ಆಗ ಧಾರವಾಡ ಜಿಲ್ಲೆಯಲ್ಲಿತ್ತು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಬ್ಯಾಂಕಿನ ಹೆಸರು ಬರೆಯುವುದಿಲ್ಲ. ಅದರ ಉಪ್ಪು ಉಂಡವಳು, ಪೆನ್ಶನ್ನನ್ನೂ ಉಣ್ಣುತ್ತಿರುವವಳು.

ಸಂಬಳ ಒಂದೇ ಇತ್ತು, ಉಳಿದದ್ದು ಒಂದೇ ಇರಲಿಲ್ಲ. ಹೆಂಗಸರಿಗೆ ಪಾಯಖಾನೆ ಇರಲಿಲ್ಲ. ಹಿಂದಿನ ಓಣಿಯ ಒಬ್ಬ ತಾಯಿಯ ಮನೆಗೆ ಹೋಗಿ ಬರುತ್ತಿದ್ದೆ. ಐದು ವರ್ಷ ಆಕೆ ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ಯೂನಿಯನ್ನಿನ ಸಭೆ ರಾತ್ರಿ ಎಂಟಕ್ಕೆ. "ಬಾಯಾರು ಯಾಕ ಬರೂದಿಲ್ಲ?" ಎಂದು ಮರುದಿನ ಕೇಳುತ್ತಿದ್ದರು, ಎಂಟು ಗಂಟೆಗೆ ನಮ್ಮ ಮನೆಯಲ್ಲಿ ರೊಟ್ಟಿ ಯಾರು ಬಡಿಯಬೇಕು ಎಂದು ಯಾರೂ ಕೇಳುತ್ತಿರಲಿಲ್ಲ.

ಹೆಂಗಸರಿಗೆ ಲೆಡ್ಜರ್ ಕೊಡುತ್ತಿದ್ದರು, ಕ್ಯಾಶ್ ಕೊಡುತ್ತಿರಲಿಲ್ಲ. ಕ್ಯಾಶಿಗೆ ಬೇರೆ ಭತ್ಯೆ ಇತ್ತು. ತಿಜೋರಿಗೆ ಎರಡು ಕೀಲಿಕೈ, ಒಂದು ಕ್ಯಾಶಿಯರನ ಹತ್ತಿರ, ಇನ್ನೊಂದು ಸಾಹೇಬರ ಹತ್ತಿರ. ಸಂಜೆ ಲೆಕ್ಕ ಕೂಡದಿದ್ದರೆ ಇಬ್ಬರೂ ಏಳುವಂತಿಲ್ಲ. ಕಾರಣ ಭತ್ಯೆಯೋ ಸಂಜೆಯೋ, ನನಗೆ ಇಂದಿಗೂ ಅನುಮಾನವಿದೆ.

1984ರಲ್ಲಿ ಮುಂಡರಗಿಗೆ ವರ್ಗವಾಯಿತು. ಅಲ್ಲಿನ ಕ್ಯಾಶಿಯರ್ ಹಾಸಿಗೆ ಹಿಡಿದರು, ಬೇರೆ ದಾರಿಯಿಲ್ಲದೆ ಕ್ಯಾಶು ನನ್ನ ಕೈಗೆ ಬಂತು. ಮೂರನೆಯ ವಾರ, ಸಂತೆಯ ದಿನ, ಐನೂರು ರೂಪಾಯಿ ಕಡಿಮೆ ಬಿತ್ತು. ಐನೂರರ ನೋಟು ಇನ್ನೂ ಬಂದಿರಲಿಲ್ಲ, ಅದು ಬಂದದ್ದು 1987ರಲ್ಲಿ. ನೂರರ ಐದು ನೋಟು ಯಾರಿಗೋ ಹೆಚ್ಚು ಹೋಗಿದ್ದವು. ನಾಲ್ಕು ಸಲ ಎಣಿಸಿದೆವು. ಕಡಿಮೆ ಬಿದ್ದದ್ದನ್ನು ಕ್ಯಾಶಿಯರ್ ತನ್ನ ಕೈಯಿಂದ ತುಂಬಬೇಕು. ಅದು ಎಲ್ಲರಿಗೂ ಒಂದೇ ನಿಯಮ, ನಾನು ತಕರಾರು ಮಾಡಲಿಲ್ಲ.

"ಹೆಣ್ಣಮಕ್ಕಳ ಕೈಯಾಗ ಕ್ಯಾಶ್ ಕೊಟ್ಟರ ಹಿಂಗ ಆಗೂದು," ಅಂದರು ಸಾಹೇಬರು.

ಗದಗದಲ್ಲಿ ಇದ್ದಾಗ ಗಂಡಸು ಕ್ಯಾಶಿಯರನೊಬ್ಬನಿಗೆ ಇದಕ್ಕಿಂತ ಹೆಚ್ಚು ಕಡಿಮೆ ಬಿದ್ದಿತ್ತು. ಅಂದು ಯಾರೂ ಗಂಡಸರ ಕೈ ಬಗ್ಗೆ ಮಾತಾಡಿರಲಿಲ್ಲ. ಕಾಗದದ ಮೇಲೆ ಹೆಸರು ಬರೆದು ಪಟ್ಟಿ ಎತ್ತಿದ್ದರು, ನಾನೂ ಹತ್ತು ರೂಪಾಯಿ ಕೊಟ್ಟಿದ್ದೆ. ಮುಂಡರಗಿಯಲ್ಲಿ ನನಗಾಗಿ ಪಟ್ಟಿ ಏಳಲಿಲ್ಲ. ಶಿಪಾಯಿಯೊಬ್ಬ ಮಾತ್ರ ಬಾಗಿಲ ಬಳಿ ಬಂದು, "ಅಕ್ಕಾರ, ಇಪ್ಪತ್ತು ಅದಾವ್ರಿ, ಇಟ್ಕೋರಿ," ಅಂದ. ನಾನು ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಬೇಕಿತ್ತು ಎಂದು ಈಗ ಅನಿಸುತ್ತದೆ. ಅತ್ತೆಯವರು, "ಮಂದಿ ರೊಕ್ಕ ಎಣಿಸಲಿಕ್ಕೆ ಹೋಗಿ ಮನಿ ರೊಕ್ಕ ಕಳಕೊಂಡು ಬಂದ್ಯಾ?" ಅಂದರು. ಅಂದವರೇ ಡಬ್ಬಿಯಿಂದ ಇನ್ನೂರು ತೆಗೆದುಕೊಟ್ಟರು.

ಶಿರಹಟ್ಟಿಯ ದಿನಗಳು ಬೇರೆ. ಐ.ಆರ್.ಡಿ.ಪಿ. ಎಮ್ಮೆ ಸಾಲದ ಕಾಲ. ಹಳ್ಳಿಯ ಹೆಂಗಸರು ಗಂಡಸರ ಸಾಲು ದಾಟಿ ಸೀದಾ ನನ್ನ ಟೇಬಲ್ಲಿಗೆ ಬಂದು, "ಯವ್ವಾ, ಹೆಬ್ಬಟ್ಟು ಎಲ್ಲಿ ಒತ್ತಲಿ?" ಎನ್ನುತ್ತಿದ್ದರು. ಕೆಲಸ ಬಿಡುವ ಮನಸ್ಸಾದಾಗೆಲ್ಲ ಆ ದನಿ ನೆನಪಾಗುತ್ತಿತ್ತು. ಬಡ್ತಿಯ ಪರೀಕ್ಷೆ ಅಲ್ಲಿದ್ದಾಗಲೇ ಪಾಸಾದೆ. ದೂರದ ವರ್ಗ, ಇಬ್ಬರು ಸಣ್ಣ ಮಕ್ಕಳು. ಬೇಡವೆಂದು ಬರೆದುಕೊಟ್ಟೆ. ನಾನೇ ಲೆಡ್ಜರ್ ಕಲಿಸಿದ ಹುಡುಗ ಮುಂದೆ ನನ್ನ ರಜೆಯ ಅರ್ಜಿಗೆ ಸಹಿ ಹಾಕಿದ.

ಲಕ್ಷ್ಮೇಶ್ವರಕ್ಕೆ ಬರುವಾಗ ನಾನೇ ಹೆಡ್ ಕ್ಯಾಶಿಯರ್. ಕಂಪ್ಯೂಟರಿನ ಮಾತು ಎಲ್ಲೆಡೆ ಎದ್ದಿತ್ತು, ನಮ್ಮಲ್ಲಿ ಇನ್ನೂ ಹಿತ್ತಾಳೆಯ ಟೋಕನ್ನೇ. 1992ರಲ್ಲಿ ಹೊಸದಾಗಿ ಸೇರಿದ ಹುಡುಗಿಯ ಕೌಂಟರಿನಲ್ಲಿ ಒಂದು ಸಂಜೆ ಮುನ್ನೂರು ಕಡಿಮೆ ಬಿತ್ತು. ಆಕೆಯ ಮುಖ ನೋಡಿದೆ. ಸಾಹೇಬರು ಬಾಯಿ ತೆರೆಯುವ ಮೊದಲೇ ಬಿಳಿ ಹಾಳೆ ತೆಗೆದು, ಮೇಲೆ ನನ್ನ ಹೆಸರು, ಎದುರಿಗೆ ಐವತ್ತು ಎಂದು ಬರೆದು ಟೇಬಲ್ಲಿನಿಂದ ಟೇಬಲ್ಲಿಗೆ ಕಳಿಸಿದೆ. ಎಲ್ಲರೂ ಬರೆದರು. ಸಾಹೇಬರೂ ಬರೆದರು, ತುಸು ತಡವಾಗಿ.

ಹುಡುಗಿ ಅಳುತ್ತಿದ್ದಳು. "ಆಮ್ಯಾಲೆ ಅಳುವಿಯಂತ, ಮೊದಲ ಕ್ಯಾಶ್ ಬುಕ್ ಮುಗಸು," ಅಂದೆ. ಗದಗದ ಬಸ್ಸು ಹೋಗುವುದರೊಳಗೆ ತಿಜೋರಿಗೆ ಬೀಗ ಬೀಳಬೇಕಿತ್ತು.