ಕ್ಯಾನ್ಸರ್ ಹರಡುವ ದಾರಿ, ಕತ್ತಿ ಹಿಡಿದವರ ನಂಬಿಕೆ

ಸ್ತನ ಕ್ಯಾನ್ಸರ್ ಬಂದ ಹೆಂಗಸಿನ ಮೈಯಿಂದ ಎಷ್ಟು ಭಾಗ ಕೊಯ್ದು ತೆಗೆಯಬೇಕು? ಮುಕ್ಕಾಲು ಶತಮಾನ ಇದಕ್ಕೆ ಉತ್ತರ ಕೊಟ್ಟದ್ದು, ರೋಗ ಹೇಗೆ ಹರಡುತ್ತದೆ ಎಂಬ ಒಂದು ಊಹೆ. ಬಾಲ್ಟಿಮೋರ್‌ನ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತಮ್ಮ ಶಸ್ತ್ರಕ್ರಿಯೆಯ ವರದಿ ಪ್ರಕಟಿಸಿದರು. ಸ್ತನದ ಜೊತೆಗೆ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಅವರು ತೆಗೆಯುತ್ತಿದ್ದರು. ಗಂಟಿನಿಂದ ಹೊರಟ ರೋಗ ದುಗ್ಧರಸ ನಾಳಗಳ ಮೂಲಕ ಅಂಚಿನಿಂದ ಅಂಚಿಗೆ ಸರಿಯುತ್ತದೆ, ಆದ್ದರಿಂದ ಅದಕ್ಕಿಂತ ಮುಂದೆ ಹೋಗಿ ಕೊಯ್ದರೆ ಗೆದ್ದಂತೆ ಎಂಬುದು ಅವರ ನಂಬಿಕೆ.

ಇದನ್ನು ಅಲುಗಾಡಿಸುವ ಸಾಕ್ಷ್ಯ ಐದು ವರ್ಷ ಮೊದಲೇ ಅಚ್ಚಾಗಿತ್ತು. ಲಂಡನ್ನಿನ ಸ್ಟೀಫನ್ ಪ್ಯಾಜೆಟ್ 1889ರಲ್ಲಿ, ಸ್ತನ ಕ್ಯಾನ್ಸರ್‌ನಿಂದ ಸತ್ತ 735 ಜನರ ದಾಖಲೆಗಳನ್ನು ಎಣಿಸಿದರು. 241 ಮಂದಿಯ ಯಕೃತ್ತಿಗೆ ರೋಗ ತಗುಲಿತ್ತು, ಗುಲ್ಮಕ್ಕೆ ತಗುಲಿದ್ದು 17 ಮಂದಿಯಲ್ಲಿ ಮಾತ್ರ. ಗುಲ್ಮಕ್ಕೇನೂ ರಕ್ತದ ಕೊರತೆಯಿಲ್ಲ. ಹಾಗಾದರೆ ಜೀವಕೋಶವೆಂಬ ಬೀಜ ಎಲ್ಲೆಡೆ ಚೆಲ್ಲಿದರೂ ಒಗ್ಗುವ ನೆಲದಲ್ಲಷ್ಟೇ ಮೊಳೆಯುತ್ತದೆ ಎಂದರು ಪ್ಯಾಜೆಟ್. ರಕ್ತದ ಹರಿವೇ ಸಾಕಷ್ಟು ವಿವರಣೆ ಎಂದು 1928ರಲ್ಲಿ ಜೇಮ್ಸ್ ಯೂವಿಂಗ್ ವಾದಿಸಿದರು. ದೊಡ್ಡಕರುಳಿನ ಕ್ಯಾನ್ಸರ್ ಯಕೃತ್ತಿಗೆ ಹೋಗುವುದನ್ನು ನೋಡಿದರೆ ಆ ಮಾತಿನಲ್ಲಿ ಹುರುಳಿದೆ, ಕರುಳಿನ ರಕ್ತ ನೇರ ಅಲ್ಲಿಗೇ ಹರಿಯುತ್ತದೆ. ಆದರೆ 1980ರಲ್ಲಿ ಇಯಾನ್ ಹಾರ್ಟ್ ಮತ್ತು ಐಸಾಯ ಫಿಡ್ಲರ್ ಇಲಿಗಳ ಮೈಯೊಳಗೆ ಶ್ವಾಸಕೋಶ, ಅಂಡಾಶಯ, ಮೂತ್ರಪಿಂಡಗಳ ತುಣುಕುಗಳನ್ನು ನೆಟ್ಟು, ರಕ್ತಕ್ಕೆ ಮೆಲನೋಮ ಕೋಶಗಳನ್ನು ಬಿಟ್ಟರು. ಗೆಡ್ಡೆ ಬೆಳೆದದ್ದು ಮೊದಲೆರಡರಲ್ಲಿ; ಮೂತ್ರಪಿಂಡದ ತುಣುಕಿನಲ್ಲಿ ಬೆಳೆಯಲಿಲ್ಲ. ಕೋಶಗಳು ತಲುಪುವುದೇ ಬೇರೆ, ಬೇರೂರುವುದೇ ಬೇರೆ.

ಹಾಲ್‌ಸ್ಟೆಡ್ ಪರವಾಗಿಯೂ ಹೇಳುವುದಿದೆ. ಅವರ ಬಳಿ ಬರುತ್ತಿದ್ದ ಹೆಂಗಸರ ಗಂಟುಗಳು ಬಹಳ ಬಲಿತಿರುತ್ತಿದ್ದವು; ಕೊಯ್ದ ಜಾಗದಲ್ಲೇ ರೋಗ ಮರುಕಳಿಸುವುದನ್ನು ಅವರು ನಿಜವಾಗಿಯೂ ತಗ್ಗಿಸಿದರು. 1894ಕ್ಕೆ ಈ ಸಮಾಧಾನ ಸಲ್ಲುತ್ತದೆ, 1960ಕ್ಕೆ ಸಲ್ಲದು. ಅಷ್ಟು ಕಾಲ ಈ ಪದ್ಧತಿಯನ್ನು ಸರಿಯಾದ ಹೋಲಿಕೆಗೆ ಒಡ್ಡದೆಯೇ ಶಿಷ್ಯಪರಂಪರೆ ಮುಂದುವರಿಸಿತು, ತೋಳು ಬಾತು ಎದೆ ಗುಳಿಬಿದ್ದು ಬದುಕಿದವರು ಅದರ ಬೆಲೆ ತೆತ್ತರು. ರೋಗ ಮೊದಲೇ ರಕ್ತಕ್ಕೆ ಸೇರಿರಬಹುದು ಎಂದು ವಾದಿಸಿದ ಬರ್ನಾರ್ಡ್ ಫಿಶರ್, ಅಮೆರಿಕದಲ್ಲಿ 1971ರಲ್ಲಿ 1,600ಕ್ಕೂ ಹೆಚ್ಚು ಮಹಿಳೆಯರ ಪರೀಕ್ಷೆ ಆರಂಭಿಸಿದರು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲು ಆ ಹೆಂಗಸರು ಒಪ್ಪಿದ್ದು ದೊಡ್ಡ ಧೈರ್ಯ. ಸ್ನಾಯು ಉಳಿಸಿ ಸ್ತನವನ್ನಷ್ಟೇ ತೆಗೆಸಿಕೊಂಡವರೂ ಹಾಲ್‌ಸ್ಟೆಡ್ ವಿಧಾನಕ್ಕೆ ಒಳಗಾದವರೂ ಬದುಕಿದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ; 25 ವರ್ಷಗಳ ಲೆಕ್ಕ 2002ರಲ್ಲಿ ಹೊರಬಂದಾಗಲೂ ಇದೇ ಉತ್ತರ. ಅಷ್ಟರಲ್ಲಿ ಮಿಲಾನ್‌ನ ಜಿಯಾನಿ ಬೊನಾಡೊನ್ನ 1976ರಲ್ಲೇ, ಶಸ್ತ್ರಕ್ರಿಯೆಯ ನಂತರ ಮೂರು ಔಷಧಗಳನ್ನು ಕೊಟ್ಟು, ಕತ್ತಿಗೆ ಎಟುಕದ ಕೋಶಗಳನ್ನು ರಕ್ತದ ಮೂಲಕವೇ ಬೆನ್ನಟ್ಟಬಹುದೆಂದು ತೋರಿಸಿದ್ದರು.